ಸಿ.ಡಿ.ಯ ಸಂಗೀತವನ್ನು ಗಣಕಕ್ಕೆ ಇಳಿಸುವುದು

ಸಂಗೀತದ ಸಿ.ಡಿ.ಯಲ್ಲಿ ಒಂದು ಸೆಕೆಂಡಿನ ನಾದವು ಎಡ ಬಲ ವಾಹಿನಿಗಳಲ್ಲಿ ತಲಾ 44,100 ಅಂಕಿಗಳಾಗಿ ಅಡಗಿರುತ್ತದೆ. ಅಂಕಿಗಳನ್ನು ನಕಲು ಮಾಡುವುದರಲ್ಲಿ ತಪ್ಪೆಲ್ಲಿಯದು ಎಂದು ವಿದ್ಯಾರ್ಥಿಗಳು ಕೇಳಬಹುದು. 1982ರಲ್ಲಿ ಮಾರುಕಟ್ಟೆಗೆ ಬಂದ ಈ ತಟ್ಟೆಯು ಕೇಳುವುದಕ್ಕಾಗಿ ಹುಟ್ಟಿತೇ ಹೊರತು ನಕಲಿಗಾಗಿ ಅಲ್ಲ. ದತ್ತಾಂಶದ ಸಿ.ಡಿ.ಗಿರುವ ಹೆಚ್ಚಿನ ದೋಷಪರಿಹಾರ ಇದಕ್ಕಿಲ್ಲ. ಗೀರು ಆಳವಾಗಿದ್ದರೆ ಯಂತ್ರವು ಅಕ್ಕಪಕ್ಕದ ಬೆಲೆಗಳನ್ನು ನೋಡಿ ನಡುವಿನದನ್ನು ಊಹಿಸಿ ತುಂಬುತ್ತದೆ. ಕಿವಿಗೆ ತಿಳಿಯದಿರಬಹುದು, ನಕಲು ಮಾತ್ರ ಕೆಟ್ಟಿತು.

ಆದುದರಿಂದ 'ಎಕ್ಸಾಕ್ಟ್ ಆಡಿಯೋ ಕಾಪಿ' ಎಂಬ ತಂತ್ರಾಂಶದಲ್ಲಿ ನಾವು 'ಸೆಕ್ಯೂರ್' ಕ್ರಮವನ್ನು ಆರಿಸಬೇಕು. ಆಗ ಸೆಕೆಂಡಿನ 75ನೆಯ ಒಂದು ಪಾಲಾದ ಪ್ರತಿಯೊಂದು ಖಂಡವನ್ನೂ ಕಡಮೆಯೆಂದರೆ ಎರಡು ಸಲ ಓದಿ ತಾಳೆ ನೋಡಲಾಗುತ್ತದೆ. ತಾಳೆಯಾಗದಿದ್ದರೆ 16 ಸಲ ಪುನಃ ಓದಿ, ಅವುಗಳಲ್ಲಿ 8 ಒಂದೇ ಆಗಿದ್ದರೆ ಒಪ್ಪಲಾಗುತ್ತದೆ.

ಇಲ್ಲೊಂದು ಮೋಸವುಂಟು. ಅನೇಕ ಯಂತ್ರಗಳು ಒಮ್ಮೆ ಓದಿದುದನ್ನು ತಮ್ಮ ಸ್ಮೃತಿಯಲ್ಲಿಟ್ಟುಕೊಂಡು, ಎರಡನೆಯ ಸಲ ತಟ್ಟೆಯನ್ನು ನೋಡದೆಯೇ ಅದನ್ನು ಒಪ್ಪಿಸುತ್ತವೆ. ತಪ್ಪನ್ನೇ ಬಾಯಿಪಾಠ ಮಾಡಿದ ಹುಡುಗನು ಎರಡು ಸಲವೂ ಒಂದೇ ಉತ್ತರ ಹೇಳಿದರೆ ಅದು ಸರಿಯಾದೀತೇ? ಯಂತ್ರವು ಧ್ವನಿಯನ್ನು ಸ್ಮೃತಿಯಲ್ಲಿಡುತ್ತದೆಂಬ ಆಯ್ಕೆಗೆ ಗುರುತು ಹಾಕಿದರೆ, ತಂತ್ರಾಂಶವು ಆ ಸ್ಮೃತಿಯನ್ನು ಬದಿಗೊತ್ತಿ ತಟ್ಟೆಯಿಂದಲೇ ಓದಿಸುತ್ತದೆ. ಕೆಲಸ ನಿಧಾನವಾಗುವುದು ನಿಜ. ದೋಷವನ್ನು ಯಂತ್ರವೇ ತಿಳಿಸುವ 'ಸಿ2' ಸಂಕೇತವನ್ನು ಬಳಸಿದರೆ ವೇಗ ಹೆಚ್ಚುತ್ತದೆ. ಆದರೆ ಎಲ್ಲ ಯಂತ್ರಗಳ ಮಾತೂ ನಂಬತಕ್ಕದ್ದಲ್ಲವಾದ್ದರಿಂದ ನಾವಂತೂ ಅದನ್ನು ಬಿಟ್ಟಿದ್ದೇವೆ.

ಕೊನೆಗೆ, ಇಷ್ಟು ಶ್ರಮದಿಂದ ಪಡೆದುದನ್ನು 'ಎಂ.ಪಿ.3' ಮಾಡಿ ಕತ್ತರಿಸದೆ, ಒಂದಂಕಿಯನ್ನೂ ಕಳೆಯದ 'ಫ್ಲ್ಯಾಕ್' ರೂಪದಲ್ಲಿ ಇಡತಕ್ಕದ್ದು.