‘ವಿನ್ 32’ ಎಂದರೆ ಕೈಗೆ ಎಷ್ಟು ಬರುತ್ತದೆ?

ಪ್ರಶ್ನೆ: ಗೆಳೆಯರ ಜೊತೆ ಒಂದು ಭಾನುವಾರ ಮಹಾಲಕ್ಷ್ಮಿ ರೇಸ್‌ಕೋರ್ಸ್ ನೋಡಿ ಬರುವ ಯೋಚನೆಯಿದೆ. ಪತ್ರಿಕೆಯ ಫಲಿತಾಂಶದಲ್ಲಿ ‘ವಿನ್ 32, ಪ್ಲೇಸ್ 13’ ಎಂದೆಲ್ಲ ಬರೆದಿರುತ್ತಾರೆ. ಈ 32 ಏನು? ಬುಕ್ಕಿಗಳು ಹೇಳುವ ‘ಮೂರಕ್ಕೊಂದು’ ಬೇರೆಯೇ? ಇದೂ ಮಟ್ಕಾದಂತೆ ಕಾನೂನಿಗೆ ವಿರುದ್ಧವಲ್ಲವೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಮುಂಬೈಯಲ್ಲಿ ಹತ್ತಾರು ವರ್ಷ ಕಳೆದವರಲ್ಲೂ ಈ ಲೆಕ್ಕ ತಿಳಿಯದವರು ಬೇಕಾದಷ್ಟಿದ್ದಾರೆ. ಕೇಳಿದರೆ ‘ಇವನಿಗೂ ರೇಸಿನ ಹುಚ್ಚು ಹಿಡಿಯಿತೇ’ ಎಂದಾರೆಂದು ಸುಮ್ಮನಿರುತ್ತಾರೆ. ತಿಳಿದುಕೊಳ್ಳುವುದಕ್ಕೂ ಹುಚ್ಚು ಹಿಡಿಯುವುದಕ್ಕೂ ಸಂಬಂಧವಿಲ್ಲ.

ಕಾನೂನಿನ ಮಾತು ಮೊದಲು ಮುಗಿಸೋಣ. ಮಟ್ಕಾ ಬೇರೆ, ಇದು ಬೇರೆ. 1887ರ ಬಾಂಬೆ ಜೂಜು ತಡೆ ಕಾಯ್ದೆಯು ಪರವಾನಗಿ ಇರುವ ರೇಸ್‌ಕೋರ್ಸ್‌ನ ಆವರಣದೊಳಗೆ ಕುದುರೆಯ ಮೇಲೆ ಕಟ್ಟುವ ಪಣಕ್ಕೆ ವಿನಾಯಿತಿ ಕೊಟ್ಟಿದೆ. ಕುದುರೆ ರೇಸಿನಲ್ಲಿ ಅದೃಷ್ಟಕ್ಕಿಂತ ಕೌಶಲದ ಪಾಲೇ ಹೆಚ್ಚು ಎಂದು 1996ರಲ್ಲಿ ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ‘ಆವರಣದೊಳಗೆ’ ಎಂಬುದನ್ನು ಗಮನಿಸಿ. ಪಾನ್ ಅಂಗಡಿಯ ಪಕ್ಕ ನಿಂತು ಚೀಟಿಯಲ್ಲಿ ಬರೆದುಕೊಳ್ಳುವವನ ಹತ್ತಿರ ಕಟ್ಟಿದರೆ ಅದು ಅಕ್ರಮವೇ. ಗೆದ್ದರೂ ದುಡ್ಡು ಕೇಳಲು ನಿಮಗೆ ಆಧಾರವಿರುವುದಿಲ್ಲ.

ಮಹಾಲಕ್ಷ್ಮಿ ಸ್ಟೇಷನ್‌ನಲ್ಲಿ ಇಳಿದರೆ ನಡೆದೇ ಹೋಗಬಹುದಾದ ಈ ಮೈದಾನ 1883ರದು. ನಡೆಸುವುದು ರಾಯಲ್ ವೆಸ್ಟರ್ನ್ ಇಂಡಿಯಾ ಟರ್ಫ್ ಕ್ಲಬ್. ಮುಂಬೈ ರೇಸುಗಳು ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಮಳೆಗಾಲದಲ್ಲಿ ಕುದುರೆಗಳೆಲ್ಲ ಪುಣೆಗೆ ಹೋಗುತ್ತವೆ. 1943ರಲ್ಲಿ ಶುರುವಾದ ಇಂಡಿಯನ್ ಡರ್ಬಿ ಸಾಮಾನ್ಯವಾಗಿ ಫೆಬ್ರವರಿಯ ಮೊದಲ ಭಾನುವಾರ ನಡೆಯುತ್ತದೆ. ಅಂದು ಕುದುರೆಗಿಂತ ಟೋಪಿ, ಸೀರೆ ನೋಡಲು ಬಂದವರೇ ಜಾಸ್ತಿ. ಮೊದಲ ಸಲ ಹೋಗುವವರು ಬೇರೆ ದಿನ ಆರಿಸಿಕೊಳ್ಳುವುದು ಮೇಲು.

ಈಗ ಆ 32ಕ್ಕೆ ಬರೋಣ. ಒಳಗೆ ದುಡ್ಡು ಕಟ್ಟಲು ಎರಡು ದಾರಿ: ಟೋಟ್ ಮತ್ತು ಬುಕ್ಕಿ.

ಟೋಟ್ ಎಂದರೆ ಕ್ಲಬ್ಬೇ ನಡೆಸುವ ಕೌಂಟರ್. ಇಲ್ಲಿ ಪೈಪೋಟಿ ಕ್ಲಬ್ಬಿನ ಜೊತೆಗಲ್ಲ, ನಿಮ್ಮ ಹಾಗೆಯೇ ದುಡ್ಡು ಕಟ್ಟಿದ ಉಳಿದವರ ಜೊತೆ. ಎಲ್ಲರ ಹಣವೂ ಒಂದೇ ಕಡೆ ಸೇರುತ್ತದೆ. ಊರಲ್ಲಿ ಚೀಟಿ ನಡೆಸುವವರು ಕಮಿಷನ್ ಮುರಿದುಕೊಳ್ಳುವ ಹಾಗೆ ಕ್ಲಬ್ಬಿನ ಪಾಲು ಮತ್ತು ತೆರಿಗೆ ಮೊದಲೇ ಕಳೆಯುತ್ತದೆ. ಉಳಿದದ್ದು ಗೆದ್ದ ಟಿಕೆಟ್‌ಗಳಿಗೆ ಸಮನಾಗಿ ಹಂಚಿಕೆ. ಲೆಕ್ಕಕ್ಕೆಂದು ಹೀಗಿಟ್ಟುಕೊಳ್ಳಿ: ‘ವಿನ್’ಗೆ ಒಂದು ಲಕ್ಷ ರೂಪಾಯಿ ಬಂತು, 25,000 ಕಳೆಯಿತು, 75,000 ಉಳಿಯಿತು. ಗೆದ್ದ ಕುದುರೆಯ ಮೇಲೆ ಹತ್ತು ರೂಪಾಯಿಯ 5,000 ಟಿಕೆಟ್‌ಗಳಿದ್ದರೆ ಒಂದೊಂದಕ್ಕೆ 15 ರೂ. ಯಾರೂ ನೆಚ್ಚದ ಕುದುರೆ ಗೆದ್ದು, ಅದರ ಮೇಲೆ 500 ಟಿಕೆಟ್ ಮಾತ್ರ ಇದ್ದರೆ ಒಂದೊಂದಕ್ಕೆ 150 ರೂ. ಪತ್ರಿಕೆಯಲ್ಲಿ ಬರುವುದು ಈ ಅಂಕಿಯೇ. ‘ವಿನ್ 32’ ಎಂದರೆ ಹತ್ತು ರೂಪಾಯಿ ಕಟ್ಟಿದವರ ಕೈಗೆ 32 ರೂಪಾಯಿ ಬಂತು ಎಂದರ್ಥ.

ಬಹಳ ಜನ ಗೊಂದಲಕ್ಕೆ ಬೀಳುವುದು ಇಲ್ಲಿಯೇ. ಟೋಟ್‌ನ 32ರಲ್ಲಿ ನೀವು ಕಟ್ಟಿದ ಹತ್ತೂ ಸೇರಿದೆ. ಲಾಭ 22 ಮಾತ್ರ. ಬುಕ್ಕಿಯ ದರದಲ್ಲಿ ನಿಮ್ಮ ಅಸಲು ಸೇರಿರುವುದಿಲ್ಲ. ‘ಮೂರಕ್ಕೊಂದು’ ದರದಲ್ಲಿ ನೂರು ಕಟ್ಟಿ ಗೆದ್ದರೆ ಮುನ್ನೂರು ಲಾಭ, ನೂರು ಅಸಲು, ಒಟ್ಟು ನಾನೂರು. ಟೋಟ್‌ನಲ್ಲಿ ಇದಕ್ಕೆ ಸಮನಾದದ್ದು ‘ವಿನ್ 40’, ‘ವಿನ್ 30’ ಅಲ್ಲ. ಇನ್ನೊಂದು ವ್ಯತ್ಯಾಸವೂ ಇದೆ. ಪರವಾನಗಿ ಇರುವ ಬುಕ್ಕಿ ಕಾರ್ಡಿನ ಮೇಲೆ ಬರೆದುಕೊಟ್ಟ ದರ ಆಮೇಲೆ ಬದಲಾಗದು. ಟೋಟ್‌ನದು ಓಟ ಶುರುವಾಗುವವರೆಗೂ ಬದಲಾಗುತ್ತಲೇ ಇರುತ್ತದೆ. ಬೋರ್ಡಿನಲ್ಲಿ 60 ನೋಡಿ ಟಿಕೆಟ್ ಕೊಂಡವರಿಗೆ ಕೊನೆಗೆ 35 ಬಂದರೆ ಅದು ಮೋಸವಲ್ಲ. ನಿಮ್ಮ ನಂತರ ಇನ್ನಷ್ಟು ಜನ ಅದೇ ಕುದುರೆಗೆ ಕಟ್ಟಿದ್ದಾರೆ, ಅಷ್ಟೇ.

‘ಪ್ಲೇಸ್’ ಎಂದರೆ ನಿಮ್ಮ ಕುದುರೆ ಮೊದಲ ಕೆಲವು ಸ್ಥಾನಗಳೊಳಗೆ ಬಂದರೂ ಸಾಕು. ಓಡುವ ಕುದುರೆಗಳು ಕಡಿಮೆಯಾದರೆ ಹಣ ಸಿಗುವ ಸ್ಥಾನಗಳೂ ಕಡಿಮೆಯಾಗುತ್ತವೆ. ಗೆಲ್ಲುವ ಸಾಧ್ಯತೆ ಹೆಚ್ಚು, ಬರುವ ಹಣ ಕಡಿಮೆ. ಕ್ವಿನೆಲ್ಲಾದಲ್ಲಿ ಮೊದಲೆರಡು ಕುದುರೆಗಳನ್ನು ಹೇಳಬೇಕು, ಕ್ರಮ ಹೇಗಿದ್ದರೂ ಸರಿ. ಫೋರ್‌ಕಾಸ್ಟ್‌ನಲ್ಲಿ ಕ್ರಮವೂ ಸರಿಯಿರಬೇಕು. ತನಾಲಾಗೆ ಮೊದಲ ಮೂರು, ಕ್ರಮವಾಗಿ. ಜಾಕ್‌ಪಾಟ್‌ಗೆ ಐದು ರೇಸುಗಳ ವಿಜೇತರು. ಲಕ್ಷಗಟ್ಟಲೆ ಗೆದ್ದರೆಂಬ ಸುದ್ದಿ ಬಹುಪಾಲು ಈ ಕೊನೆಯದರಿಂದಲೇ ಹುಟ್ಟುವುದು. ಹೊಸಬರಿಗೆ ವಿನ್, ಪ್ಲೇಸ್ ಎರಡೇ ಸಾಕೆಂದು ನನ್ನ ಅಭಿಪ್ರಾಯ.

ಯಾವ ಕುದುರೆ ಎಂದು ನೀವು ಕೇಳಿಲ್ಲ, ಆದರೂ ಒಂದೆರಡು ಮಾತು. ಹೊರಗೆ ಸಿಗುವ ರೇಸ್ ಪುಸ್ತಕ ಕೊಳ್ಳಿ. ಅದರಲ್ಲಿ ಪ್ರತಿ ಕುದುರೆಯ ತಂದೆತಾಯಿ, ತರಬೇತುದಾರ, ಜಾಕಿ, ಹಿಂದಿನ ಓಟಗಳಲ್ಲಿ ಬಂದ ಸ್ಥಾನ, ಹೊರುವ ತೂಕ ಎಲ್ಲ ಇರುತ್ತದೆ. ನಮ್ಮ ತುಮಕೂರು ಜಿಲ್ಲೆಯ ಕುಣಿಗಲ್ ಸ್ಟಡ್ ಫಾರ್ಮ್‌ನ ಹೆಸರು ಕಂಡರೆ ಅಭಿಮಾನ ಉಕ್ಕುವುದು ಸಹಜ. ಅದೊಂದೇ ಕಾರಣಕ್ಕೆ ದುಡ್ಡು ಕಟ್ಟಬೇಡಿ. ತೂಕದ ಕಡೆ ಗಮನವಿರಲಿ. ಹ್ಯಾಂಡಿಕ್ಯಾಪ್ ರೇಸುಗಳಲ್ಲಿ ಚೆನ್ನಾಗಿ ಓಡುವ ಕುದುರೆಗೆ ರೇಟಿಂಗ್ ಹೆಚ್ಚು, ರೇಟಿಂಗ್ ಹೆಚ್ಚಿದಂತೆ ಬೆನ್ನ ಮೇಲಿನ ಭಾರವೂ ಹೆಚ್ಚು. ಜಾಕಿ ಹಗುರವಿದ್ದರೆ ಜೀನಿನಡಿ ಸೀಸದ ತುಂಡು ಸೇರಿಸಿ ತೂಕ ಸರಿದೂಗಿಸುತ್ತಾರೆ. ಹೋದ ವಾರ ಸಲೀಸಾಗಿ ಗೆದ್ದದ್ದು ಈ ವಾರ ಹಿಂದೆ ಬಿದ್ದರೆ ಆಶ್ಚರ್ಯಪಡಬೇಕಿಲ್ಲ. ಹ್ಯಾಂಡಿಕ್ಯಾಪ್ ಇಲ್ಲದ ದೊಡ್ಡ ರೇಸುಗಳಲ್ಲೂ ಖಾತ್ರಿ ಎಂಬುದಿಲ್ಲ: 1970ರ ದಶಕದ ಹೆಸರಾಂತ ಸ್ಕ್ವಾಂಡರರ್ 19 ಓಟಗಳಲ್ಲಿ 18 ಗೆದ್ದಿತು. ಸೋತ ಆ ಒಂದು ದಿನ ಅದನ್ನೇ ನೆಚ್ಚಿ ಕಟ್ಟಿದವರೂ ಇದ್ದರು.

ಪ್ರತಿ ರೇಸಿಗೆ ಮುಂಚೆ ಪ್ಯಾಡಕ್ ಎಂಬ ಕಟಕಟೆಯ ಅಂಗಳದಲ್ಲಿ ಸೈಸ್‌ಗಳು, ಅಂದರೆ ಕುದುರೆ ನೋಡಿಕೊಳ್ಳುವವರು, ಕುದುರೆಗಳನ್ನು ಸುತ್ತಾಡಿಸುತ್ತಾರೆ. ಅಲ್ಲಿ ಹೋಗಿ ಕಟಕಟೆಗೆ ಒರಗಿ ನಿಂತು ನೋಡಿ. ಹಿಂಗಾಲುಗಳ ನಡುವೆ ಬಿಳಿ ನೊರೆಯಾಗಿ ಬೆವರಿಳಿಯುತ್ತಿದ್ದರೆ, ಅಡ್ಡಾದಿಡ್ಡಿ ಎಳೆದಾಡುತ್ತಿದ್ದರೆ, ಕುದುರೆ ಓಡುವ ಮೊದಲೇ ದಣಿಯುತ್ತಿದೆ ಎಂದು ಹಳೆಯ ಪಂಟರ್‌ಗಳು ಎಣಿಸುತ್ತಾರೆ. ಇಲ್ಲಿ ಇನ್ನೊಂದು ಎಚ್ಚರಿಕೆ. ಜೀನಿನ ಬಟ್ಟೆಯ ಮೇಲಿರುವುದು ಕುದುರೆಯ ನಂಬರ್. ಪುಸ್ತಕದಲ್ಲಿ ‘ಡ್ರಾ’ ಎಂದಿರುವುದು ಅದು ಯಾವ ಗೇಟಿನಿಂದ ಹೊರಡುತ್ತದೆ ಎಂಬುದು. ಕೌಂಟರಿನಲ್ಲಿ ಹೇಳಬೇಕಾದದ್ದು ಮೊದಲನೆಯದನ್ನು. ‘ತೀಸ್ರೀ ರೇಸ್, ಪಾಂಚ್ ನಂಬರ್, ವಿನ್, ಪಚಾಸ್’ ಎಂದರಾಯಿತು. ಟಿಕೆಟ್ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಓದಿಕೊಳ್ಳಿ.

ತೆರಿಗೆಯ ವಿಷಯ ಮುಚ್ಚಿಡುವಂಥದ್ದಲ್ಲ. ಪಣದ ಮೇಲಿನ ಜಿಎಸ್‌ಟಿ 2017ರಲ್ಲಿ ಶೇ. 28 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ. 40. ಗೆಲುವು 10,000 ರೂಪಾಯಿ ಮೀರಿದರೆ ಆದಾಯ ತೆರಿಗೆಯೆಂದು ಶೇ. 30 ಕಡಿದೇ ಕೊಡುತ್ತಾರೆ. ಬೇರೆ ದಿನ ಸೋತದ್ದನ್ನು ಅದರಲ್ಲಿ ವಜಾ ಮಾಡುವಂತಿಲ್ಲ. ಇಷ್ಟೆಲ್ಲ ಕಳೆದ ಮೇಲೆ ಕಟ್ಟಿದವರೆಲ್ಲರ ಒಟ್ಟು ಲೆಕ್ಕ ಯಾವತ್ತೂ ನಷ್ಟದ್ದೇ. ಆದ್ದರಿಂದ ಅಂದಿನ ಖರ್ಚಿಗೆಂದು ಒಂದು ಮೊತ್ತ ಜೇಬಿನಲ್ಲಿಟ್ಟುಕೊಂಡು, ಅದು ಹೋಯಿತೆಂದೇ ತಿಳಿದು ಹೋಗಿ. ಎಟಿಎಂ ಕಾರ್ಡ್ ಮನೆಯಲ್ಲಿರಲಿ.

ನಿಮ್ಮ ಕುದುರೆ ಎರಡನೆಯದಾಗಿ ಬಂತೆಂದು ಬೇಸರದಲ್ಲಿ ಟಿಕೆಟ್ ಹರಿದು ಎಸೆಯಬೇಡಿ. ಮುಂದಿನ ಕುದುರೆ ಅಡ್ಡ ಬಂತೆಂದು ಜಾಕಿ ಆಕ್ಷೇಪ ಎತ್ತಿದರೆ ರೇಸಿನ ತೀರ್ಪುಗಾರರಾದ ಸ್ಟೂವರ್ಡ್‌ಗಳು ವಿಡಿಯೋ ನೋಡಿ ಸ್ಥಾನ ಅದಲುಬದಲು ಮಾಡುವುದುಂಟು. ಫಲಿತಾಂಶ ಅಧಿಕೃತವೆಂದು ಘೋಷಣೆಯಾಗುವವರೆಗೆ ಟಿಕೆಟ್ ಜೇಬಿನಲ್ಲೇ ಇರಲಿ.