ಒಂದೇ ಖೋಲಿಯಲ್ಲಿ ಮರಗೆಲಸದ ಕಾರ್ಯಾಗಾರ

ಮರಗೆಲಸಕ್ಕೆ ಪ್ರತ್ಯೇಕ ಕೊಠಡಿ ಬೇಕು, ಸೊಂಟದೆತ್ತರದ ಭಾರವಾದ ಮೇಜು ಬೇಕು, ವಿದ್ಯುತ್ ಯಂತ್ರಗಳು ಬೇಕು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಈ ವಿಷಯವನ್ನು ಕುರಿತ ಪುಸ್ತಕಗಳನ್ನು ಬಹುಮಟ್ಟಿಗೆ ಮನೆಯ ಹಿಂದೆ ಅಂಗಳವೂ ಷೆಡ್ಡೂ ಉಳ್ಳವರು ತಮ್ಮಂಥವರಿಗಾಗಿಯೇ ಬರೆದಿದ್ದಾರೆ. ಆಂಟಾಪ್ ಹಿಲ್‌ನಲ್ಲಿ ವಾಸಿಸುವ ನಮಗೆ ಅಂಗಳವೆಲ್ಲಿಯದು? ಝೋಪಡಿ ಪುನರ್ವಸತಿಯ ಮನೆಗೆ ಮೊದಲು ಗೊತ್ತುಮಾಡಿದ್ದ ಅಳತೆ 225 ಚದರ ಅಡಿ. ಆಮೇಲೆ 269 ಆಯಿತು, ಅನಂತರ 300. ಕೇಂದ್ರ ಸರಕಾರದ ನೌಕರರ ಕಾಲೊನಿಯ ಚಿಕ್ಕ ದರ್ಜೆಯ ವಸತಿಗಳೂ ಇದಕ್ಕಿಂತ ಬಹಳ ಉದಾರವಾದುವಲ್ಲ. ಇಷ್ಟರಲ್ಲಿಯೇ ಅಡಿಗೆ, ನಿದ್ರೆ, ಮಕ್ಕಳ ಓದು, ಊರಿನಿಂದ ಬಂದ ನೆಂಟರು ಎಲ್ಲವೂ ಆಗಬೇಕು. ಇಂಥಲ್ಲಿ ಕಾರ್ಯಾಗಾರದ ಮಾತೆತ್ತಿದರೆ ಮನೆಯವರು ನಕ್ಕಾರು.

ಆದರೆ ನಮ್ಮ ಊರಿನ ಕೆಲಸಗಾರನನ್ನು ಸ್ವಲ್ಪ ನೆನಪಿಗೆ ತಂದುಕೊಳ್ಳೋಣ. ಕರಾವಳಿಯಲ್ಲಿ ಅವನನ್ನು ಆಚಾರಿ ಎನ್ನುತ್ತೇವೆ, ಧಾರವಾಡ ವಿಜಾಪುರಗಳ ಕಡೆ ಬಡಿಗೇರ ಎನ್ನುತ್ತಾರೆ. ಅವನಿಗೆ ಮೇಜಿರಲಿಲ್ಲ. ನೆಲದ ಮೇಲೆ ಕುಳಿತು, ಮರವನ್ನು ಪಾದದಿಂದ ಅದುಮಿ ಹಿಡಿದು, ಬಾಗಿಲು, ತೊಟ್ಟಿಲು, ಗಾಡಿಯ ಚಕ್ರ ಇವೆಲ್ಲವನ್ನೂ ಮಾಡುತ್ತಿದ್ದನು. ಜಪಾನಿನ ಬಡಗಿಗಳೂ ಹೀಗೆಯೇ ನೆಲಮಟ್ಟದಲ್ಲಿ ಒಂದು ದಪ್ಪ ತೊಲೆಯನ್ನಿಟ್ಟುಕೊಂಡು ಕೆಲಸ ಮಾಡುವ ಪದ್ಧತಿಯುಳ್ಳವರು. ಅವರ ಗರಗಸವು ತಳ್ಳುವಾಗಲ್ಲ, ಎಳೆಯುವಾಗ ಕೊಯ್ಯುತ್ತದೆ. ಕುಳಿತವನಿಗೆ ತಳ್ಳುವುದಕ್ಕಿಂತ ಎಳೆಯುವುದು ಸುಲಭವಷ್ಟೆ. ಕಾರ್ಯಾಗಾರಕ್ಕೆ ನಿಜವಾಗಿ ಬೇಕಾದುದು ಮರವು ಅಲುಗದಂತೆ ಹಿಡಿಯುವ ಒಂದು ಆಸರೆ ಮತ್ತು ಹರಿತವಾದ ಒಂದು ಅಲಗು. ಇವೆರಡೂ ಮಂಚದ ಕೆಳಗೆ ಹಿಡಿಯುತ್ತವೆ.

ಈ ಪಾಠಕ್ಕೆ ಒಂದು ಗುರಿಯನ್ನಿಟ್ಟುಕೊಳ್ಳುವುದು ಒಳ್ಳೆಯದು. ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಹತ್ತನೆಯ ತರಗತಿಯ ಪರೀಕ್ಷೆಗೆ ಓದುವುದು ಮಂಚದ ಮೇಲೆ ಬೋರಲು ಮಲಗಿ, ಬರೆಯುವುದು ತೊಡೆಯ ಮೇಲೆ ಪುಸ್ತಕವನ್ನಿಟ್ಟು. ಕತ್ತು ನೋಯುತ್ತದೆ, ಅಕ್ಷರ ಕೆಡುತ್ತದೆ; ಅದಕ್ಕಿಂತ ಹೆಚ್ಚಾಗಿ, ಐದು ಮಂದಿಯ ಖೋಲಿಯಲ್ಲಿ ‘ಇದು ನನ್ನ ಓದುವ ಜಾಗ’ ಎಂದು ಹೇಳಿಕೊಳ್ಳಲು ಆ ಮಗುವಿಗೆ ಏನೂ ಇಲ್ಲ. ಅಂಗಡಿಯ ಸಿದ್ಧ ಮೇಜು ಖೋಲಿಯ ಕಾಲುಭಾಗವನ್ನು ನುಂಗುತ್ತದೆ. ಹಿಂದೆ ಪೇಢಿಗಳಲ್ಲಿ ಮುನೀಮರು ನೆಲದ ಮೇಲೆ ಕುಳಿತು ಲೆಕ್ಕ ಬರೆಯುತ್ತಿದ್ದ ಇಳಿಜಾರು ಡೆಸ್ಕನ್ನು ನಮ್ಮ ಗುಮಾಸ್ತ ಮಿತ್ರರಲ್ಲಿ ಹಿರಿಯರು ನೋಡಿರಬಹುದು. ಅಂಥದೊಂದನ್ನು ಮಾಡೋಣ.

ಮೊದಲು ಆಸರೆ. ನಾಲ್ಕು ಅಡಿ ಉದ್ದ, ಎಂಟು ಅಂಗುಲ ಅಗಲ, ಎರಡು ಅಂಗುಲ ದಪ್ಪದ ಯಾವುದಾದರೂ ಗಟ್ಟಿ ಮರದ ಹಲಗೆಯನ್ನು ಸಂಪಾದಿಸಿರಿ. ಅದರ ಒಂದು ತುದಿಯಲ್ಲಿ ಅಡ್ಡಲಾಗಿ ಅರ್ಧ ಅಂಗುಲ ಎತ್ತರದ ಮರದ ಪಟ್ಟಿಯೊಂದನ್ನು ಅಂಟು ಹಾಕಿ ಮರದ ಗೂಟಗಳಿಂದ ಬಿಗಿಯಿರಿ. ಕೀಸುವಾಗ ಮರದ ತುದಿ ಈ ಪಟ್ಟಿಗೆ ತಗಲಿ ನಿಲ್ಲುತ್ತದೆ. ಇಲ್ಲಿ ಕಬ್ಬಿಣದ ಮೊಳೆ ಹೊಡೆಯಬೇಡಿರಿ. ಕೀಸುಳಿಯ ಬಾಯಿ ಒಂದಲ್ಲ ಒಂದು ದಿನ ಅದಕ್ಕೆ ತಗಲಿಯೇ ತೀರುತ್ತದೆ. ಹಲಗೆಯ ಆ ತುದಿಯನ್ನು ಗೋಡೆಗೆ ಆನಿಸಿ, ನಡುವೆ ಮಡಿಸಿದ ಗೋಣಿತಟ್ಟನ್ನಿಡಿರಿ. ಹಲಗೆಯ ಕೆಳಗೂ ಗೋಣಿತಟ್ಟೋ ಹಳೆಯ ಸೈಕಲ್ ಟ್ಯೂಬಿನ ತುಂಡೋ ಇರಲಿ. ಜಾರುವುದೂ ತಪ್ಪುತ್ತದೆ, ಕೆಳಗಿನ ಮನೆಯವರಿಗೆ ಸದ್ದೂ ಕಡಿಮೆಯಾಗುತ್ತದೆ. ಇನ್ನೊಂದು ಚಿಕ್ಕ ಹಲಗೆಗೆ ಎರಡು ಪಟ್ಟಿಗಳನ್ನು, ಮೇಲ್ಮುಖದ ಒಂದು ಅಂಚಿಗೆ ಒಂದು, ಕೆಳಮುಖದ ಎದುರು ಅಂಚಿಗೆ ಒಂದು, ಹಚ್ಚಿಟ್ಟುಕೊಂಡರೆ ಕೊಯ್ಯಲು ಅನುಕೂಲ. ಕೆಳಗಿನ ಪಟ್ಟಿ ದೊಡ್ಡ ಹಲಗೆಯ ಅಂಚನ್ನು ಹಿಡಿಯುತ್ತದೆ, ಮೇಲಿನದು ಕೊಯ್ಯುವ ತುಂಡನ್ನು ತಡೆಯುತ್ತದೆ. ಇಷ್ಟೇ ನಮ್ಮ ಕಾರ್ಯಾಗಾರ. ಹಾಸಲು ಐದು ನಿಮಿಷ, ಗುಡಿಸಿ ಎತ್ತಿಡಲು ಹತ್ತು.

ಹತ್ಯಾರುಗಳನ್ನು ಒಂದೇ ದಿನ ಕೊಳ್ಳುವ ಉತ್ಸಾಹ ಬೇಡ. ಸಂಬಳದ ದಿನ ಒಂದೊಂದನ್ನು ತಂದರೂ ನಡೆಯುತ್ತದೆ. ಉಕ್ಕಿನ ಅಳತೆಪಟ್ಟಿ, ಮೂಲೆಮಟ್ಟ (ಇಲ್ಲಿಯವರು ಗುನ್ಯಾ ಎನ್ನುವುದು), ಬೆನ್ನುಪಟ್ಟಿಯುಳ್ಳ ಒಂದು ಗರಗಸ, ಇಲ್ಲಿ ರಂಧಾ ಎಂದು ಕರೆಯುವ ಒಂದು ಕೀಸುಳಿ, ಅರ್ಧ ಅಂಗುಲ ಒಂದು ಅಂಗುಲ ಅಗಲದ ಎರಡು ಉಳಿಗಳು, ಮರದ ಕೊಡತಿ, ಕೈಯಿಂದ ತಿರುಗಿಸುವ ಬೈರಿಗೆ, ಸ್ಕ್ರೂ ಡ್ರೈವರು, ಎಲ್ಲಕ್ಕಿಂತ ಮೊದಲು ಎರಡು ಮುಖದ ಸಾಣೆಕಲ್ಲು. ಮಸೀದ್ ಸ್ಟೇಷನ್ನಿನಲ್ಲಿಳಿದು ನಡೆದರೆ ಸಿಗುವ ನಾಗದೇವಿ ಬೀದಿಯಲ್ಲಿ ಇವೆಲ್ಲ ದೊರೆಯುತ್ತವೆ. ಅಂಗಡಿಯಲ್ಲಿಯೇ ಮೂಲೆಮಟ್ಟವನ್ನು ಪರೀಕ್ಷಿಸಬಹುದು. ನೇರ ಅಂಚಿನ ಹಲಗೆಗೆ ಅದನ್ನು ಆನಿಸಿ ಒಂದು ಗೆರೆ ಎಳೆಯಿರಿ. ಮಗುಚಿ ಹಾಕಿ ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದಾದರೆ ಮಟ್ಟ ಸರಿ. ಬೇರೆಯಾದರೆ ಅದರ ದೋಷ ಇಮ್ಮಡಿಯಾಗಿ ಕಣ್ಣಿಗೆ ಬೀಳುತ್ತದೆ. ಹಳೆಯ ಕೀಸುಳಿಯನ್ನು ಕೊಳ್ಳುವವರು ಅದರ ತಳಕ್ಕೆ ಅಳತೆಪಟ್ಟಿಯನ್ನು ನಿಲ್ಲಿಸಿ ಬೆಳಕಿಗೆ ಹಿಡಿದು ನೋಡಬೇಕು. ಬಾಯಿಯ ಬಳಿ ಬಿರುಕಿದ್ದರೆ ಬಿಟ್ಟುಬರಬೇಕು.

ಸಾಣೆಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕಾಗಿದೆ. ಅಂಗಡಿಯಿಂದ ತಂದ ಹೊಸ ಉಳಿಯೂ ಹರಿತವಾಗಿರುವುದಿಲ್ಲವೆಂಬುದು ಬಹಳ ಮಂದಿಗೆ ತಿಳಿಯದು. ಅವರು ಮೊಂಡು ಉಳಿಯನ್ನೇ ಬಲವಾಗಿ ತಳ್ಳುತ್ತಾರೆ. ಬಲ ಹಾಕಿದಲ್ಲಿ ಜಾರುತ್ತದೆ, ಜಾರಿದಲ್ಲಿ ಕೈ ಸೀಳುತ್ತದೆ. ಮಗ್ಗುಲಲ್ಲಿ ಮಕ್ಕಳು ಓಡಾಡುವ ಮನೆಯಲ್ಲಿ ಮೊಂಡು ಉಳಿಯಷ್ಟು ಅಪಾಯದ ವಸ್ತು ಬೇರೊಂದಿಲ್ಲ. ಅಲಗಿನ ಇಳಿಜಾರು ಸುಮಾರು 30 ಡಿಗ್ರಿ ಇರಬೇಕು. ಕೋನಮಾಪಕ ಬೇಕಿಲ್ಲ: ಇಳಿಜಾರಿನ ಉದ್ದವು ಅಲಗಿನ ದಪ್ಪದ ಎರಡರಷ್ಟಿದ್ದರೆ ಅದು 30 ಡಿಗ್ರಿಯೇ. ಮೊದಲು ಉಳಿಯ ಚಪ್ಪಟೆ ಬೆನ್ನನ್ನು ಕಲ್ಲಿನ ಮೇಲೆ ಪೂರ್ತಿ ಒರಗಿಸಿ ಹೊಳೆಯುವವರೆಗೆ ಉಜ್ಜಿರಿ. ಅನಂತರ ಇಳಿಜಾರನ್ನು ಒರಟು ಮುಖದ ಮೇಲೆ, ಕೋನ ಬದಲಾಗದಂತೆ, ಮಣಿಕಟ್ಟನ್ನು ಬಿಗಿಹಿಡಿದು ತೋಳಿನಿಂದ ಉಜ್ಜಿರಿ. ಬೆನ್ನಿನ ಕಡೆಗೆ ಬೆರಳಿಗೆ ತಾಕುವ ಸಣ್ಣ ಮುಳ್ಳಿನಂಥ ಅಂಚು ಎದ್ದರೆ ಒರಟು ಕೆಲಸ ಮುಗಿಯಿತು. ನುಣುಪು ಮುಖದಲ್ಲಿ ಅದನ್ನೇ ಮಾಡಿ, ಬೆನ್ನನ್ನು ಒಮ್ಮೆ ಸವರಿ ಆ ಮುಳ್ಳನ್ನು ತೆಗೆಯಿರಿ. ಹರಿತವನ್ನು ಹೆಬ್ಬೆರಳಿನಿಂದ ನೋಡಬಾರದು. ಮೆತ್ತನೆಯ ಮರದ ಕಡಿದ ತುದಿಯನ್ನು ಕೆತ್ತಿ ನೋಡಬೇಕು. ನೂಲುಗಳು ಪುಡಿಯಾಗದೆ ನಯವಾಗಿ ಕತ್ತರಿಸಿದರೆ ಸಾಕು. ಉಳಿ ಹಿಡಿಯುವಾಗ ಎರಡು ಕೈಗಳೂ ಅಲಗಿನ ಹಿಂದೆಯೇ ಇರಬೇಕೆಂಬ ನಿಯಮಕ್ಕೆ ವಿನಾಯಿತಿಯಿಲ್ಲ. ನಮ್ಮ ಊರಿನ ಈ ಸಮುದ್ರದ ಗಾಳಿಗೆ ಉಕ್ಕು ರಾತ್ರಿ ಬೆಳಗಾಗುವುದರಲ್ಲಿ ತುಕ್ಕು ಹಿಡಿಯುವುದರಿಂದ, ಎತ್ತಿಡುವ ಮುನ್ನ ಎಣ್ಣೆಯ ಬಟ್ಟೆಯಿಂದ ಒರೆಸಿರಿ.

ಇನ್ನು ಮರ. ನಮ್ಮವರಿಗೆ ಒಂದು ಅನುಕೂಲವಿದೆ. ಗುರು ತೇಗ ಬಹಾದೂರ್ ನಗರದಲ್ಲಿ ಹಾರ್ಬರ್ ಮಾರ್ಗದ ಗಾಡಿ ಹತ್ತಿದರೆ ವಡಾಳಾ, ಶಿವಡಿ, ಕಾಟನ್ ಗ್ರೀನ್ ದಾಟಿ ನಾಲ್ಕನೆಯ ಸ್ಟೇಷನ್ನೇ ರೇ ರೋಡ್. ಅಲ್ಲಿ ಮರದ ವಖಾರಿಗಳು ಸಾಲಾಗಿವೆ. ಹೋಗುವ ಮೊದಲು ಲೆಕ್ಕ ಗೊತ್ತಿರಲಿ. ಮರವನ್ನು ಘನ ಅಡಿಯಲ್ಲಿ ಮಾರುತ್ತಾರೆ. ಉದ್ದವನ್ನು ಅಡಿಯಲ್ಲಿ, ಅಗಲ ದಪ್ಪಗಳನ್ನು ಅಂಗುಲದಲ್ಲಿ ಹಿಡಿದು ಮೂರನ್ನೂ ಗುಣಿಸಿ 144ರಿಂದ ಭಾಗಿಸಿರಿ. ಆರು ಅಡಿ ಉದ್ದ, ಎಂಟಂಗುಲ ಅಗಲ, ಒಂದಂಗುಲ ದಪ್ಪದ ಹಲಗೆ 48ನ್ನು 144ರಿಂದ ಭಾಗಿಸಿದಷ್ಟು, ಅಂದರೆ ಘನ ಅಡಿಯ ಮೂರನೆಯ ಒಂದು ಪಾಲು. ಈ ಲೆಕ್ಕವನ್ನು ಅಂಗಡಿಯವನಿಗಿಂತ ಮೊದಲೇ ಹೇಳಿದವನೊಡನೆ ಅಂಗಡಿಯವನ ಮಾತೇ ಬೇರೆ. ಹಳೆಯ ಕಟ್ಟಡಗಳನ್ನು ಕೆಡವಿದಾಗ ಬರುವ ತೇಗ ಬಹಳ ಒಳ್ಳೆಯದು, ಚೆನ್ನಾಗಿ ಒಣಗಿರುತ್ತದೆ. ಆದರೆ ಒಳಗೆ ಮುರಿದ ಮೊಳೆಗಳಿರುವುದರಿಂದ ಅಯಸ್ಕಾಂತವನ್ನು ಆಡಿಸಿ ನೋಡಿ ಕೊಳ್ಳಬೇಕು. ಬಂದರಿನಲ್ಲಿ ದುಡಿಯುವ ಮಿತ್ರರಿಗೆ ಪೆಟ್ಟಿಗೆಯ ಪೈನ್ ಮರ ಅಗ್ಗವಾಗಿ ಸಿಗುವುದುಂಟು. ಅದರ ಮೇಲಿನ ಮುದ್ರೆಯಲ್ಲಿ ‘ಎಚ್.ಟಿ.’ ಎಂದಿದ್ದರೆ ಹುಳು ಸಾಯಲು ಕಾಯಿಸಿದ್ದು, ‘ಎಂ.ಬಿ.’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಹಾಕಿದ್ದು. ಎರಡನೆಯದನ್ನು ಮನೆಯೊಳಕ್ಕೆ ತರಬೇಡಿರಿ.

ಮರವು ಕಡಿದ ಮೇಲೂ ಗಾಳಿಯ ತೇವವನ್ನು ಕುಡಿದು ಉಬ್ಬುತ್ತದೆ, ಒಣಹವೆಗೆ ಕುಗ್ಗುತ್ತದೆ. ಉದ್ದಕ್ಕೆ ಈ ಬದಲಾವಣೆ ಇಲ್ಲವೆನ್ನುವಷ್ಟು ಅಲ್ಪ, ಇರುವುದೆಲ್ಲ ಅಗಲಕ್ಕೆ. ತೇಗದಂಥ ಸ್ಥಿರವಾದ ಮರದಲ್ಲಿಯೂ ಒಂದಡಿ ಅಗಲದ ಹಲಗೆ ಒಣಹವೆಗೂ ಮುಂಬಯಿಯ ಮಳೆಗಾಲಕ್ಕೂ ನಡುವೆ ಅರ್ಧ ನೂಲಿನಿಂದ ಒಂದು ನೂಲಿನವರೆಗೆ ವ್ಯತ್ಯಾಸವಾಗಬಹುದು. ನೂಲೆಂದರೆ ಅಂಗುಲದ ಎಂಟನೆಯ ಒಂದು ಪಾಲು. ಇಲ್ಲಿಯ ಬಡಗಿ ಸೂತ್ ಎನ್ನುತ್ತಾನೆ. ಮೇ ತಿಂಗಳಲ್ಲಿ ಬಿಗಿಯಾಗಿ ಕೂರಿಸಿದ ಕಪಾಟಿನ ಬಾಗಿಲು ಜುಲೈಯಲ್ಲಿ ತೆರೆಯದಿರುವುದು ಇದರಿಂದಲೇ. ಪ್ಲೈವುಡ್ಡಿನಲ್ಲಿ ಒಂದು ಪದರಕ್ಕೆ ಅಡ್ಡವಾಗಿ ಇನ್ನೊಂದನ್ನು ಅಂಟಿಸಿರುವುದರಿಂದ ಒಂದನ್ನೊಂದು ತಡೆದು ಈ ಚಲನೆ ಬಹಳ ಕಡಿಮೆ. ಮೊದಲ ಕೆಲಸಕ್ಕೆ ಅದೇ ಲೇಸು.

ಡೆಸ್ಕಿಗೆ 19 ಮಿಲಿಮೀಟರಿನ ಪ್ಲೈವುಡ್ ಸಾಕು. ಎತ್ತರವನ್ನು ಪುಸ್ತಕದಿಂದ ತೆಗೆದುಕೊಳ್ಳದೆ ಮಗುವಿನಿಂದಲೇ ತೆಗೆದುಕೊಳ್ಳಿರಿ: ಚಕ್ಕಳಮಕ್ಕಳ ಹಾಕಿ ನೆಟ್ಟಗೆ ಕೂರಿಸಿ, ನೆಲದಿಂದ ಮೊಣಕೈಯವರೆಗೆ ಅಳೆಯಿರಿ, ಮೊಣಕಾಲು ಡೆಸ್ಕಿನ ಕೆಳಗೆ ಹಿಡಿಯುವುದೇ ಎಂಬುದನ್ನೂ ನೋಡಿರಿ. ಮುಂದೆ ಹತ್ತಂಗುಲ, ಹಿಂದೆ ಹನ್ನೆರಡಂಗುಲ ಎಂದಿಟ್ಟುಕೊಳ್ಳೋಣ. ಮೇಲ್ಹಲಗೆ 24ಕ್ಕೆ 16. ಎರಡು ಪಕ್ಕಗಳನ್ನು ಬೇರೆಬೇರೆ ಕೊಯ್ಯಬೇಕಿಲ್ಲ. 22 ಅಂಗುಲ ಉದ್ದ, 15 ಅಂಗುಲ ಅಗಲದ ಒಂದು ತುಂಡಿನಲ್ಲಿ, ಒಂದು ಉದ್ದದ ಅಂಚಿನಲ್ಲಿ 12 ಅಂಗುಲಕ್ಕೂ ಎದುರಿನ ಅಂಚಿನಲ್ಲಿ ಅದೇ ತುದಿಯಿಂದ 10 ಅಂಗುಲಕ್ಕೂ ಗುರುತು ಮಾಡಿ ಓರೆಗೆರೆಯಲ್ಲಿ ಕೊಯ್ದರೆ ಎರಡೂ ಸಮವಾಗಿ ಬರುತ್ತವೆ. ಹಿಂಬದಿಗೆ 21ಕ್ಕೆ 6ರ ಒಂದು ಪಟ್ಟಿ. ಡೆಸ್ಕು ಅತ್ತಿತ್ತ ವಾಲದಂತೆ ಹಿಡಿಯುವುದು ಅದೇ. ಒಟ್ಟು ಆರು ಚದರ ಅಡಿಗೂ ಕಡಿಮೆ. ಎಂಟಕ್ಕೆ ನಾಲ್ಕರ ಪೂರ್ತಿ ಹಲಗೆ 32 ಚದರ ಅಡಿಯಾದುದರಿಂದ, ಅಂಗಡಿಯಲ್ಲಿ ಉಳಿದ ತುಂಡುಗಳನ್ನು ಕೇಳಿರಿ. ನೇರ ಕೊಯ್ತಗಳನ್ನು ಅಲ್ಲಿಯೇ ಮಾಡಿಸಿ ತಂದರೆ ಗಾಡಿಯಲ್ಲಿ ಜನರ ಬೈಗಳೂ ಉಳಿಯುತ್ತವೆ, ಮನೆಯಲ್ಲಿ ಧೂಳೂ ಕಡಿಮೆ.

ಗೆರೆಯನ್ನು ಪೆನ್ಸಿಲಿನ ಬದಲು ಚಾಕುವಿನ ತುದಿಯಿಂದ ಎಳೆದರೆ ಮೇಲ್ಪದರ ಸೀಳುವುದಿಲ್ಲ. ಗರಗಸ ಗೆರೆಯ ಮೇಲಲ್ಲ, ಬಿಸಾಡುವ ಭಾಗದ ಪಕ್ಕಕ್ಕೆ ನಡೆಯಬೇಕು. ಪ್ಲೈವುಡ್ಡಿನ ಅಂಚು ಸ್ಕ್ರೂ ಹಿಡಿಯುವುದಿಲ್ಲ, ಪದರ ಬಿಡುತ್ತದೆ. ಆದುದರಿಂದ ಒಳಮೂಲೆಗಳಲ್ಲಿ ಒಂದಂಗುಲ ಚೌಕದ ಮರದ ಪಟ್ಟಿಯಿಟ್ಟು, ಬೈರಿಗೆಯಿಂದ ಮೊದಲು ತೂತು ಮಾಡಿ, ಪಟ್ಟಿಯ ಕಡೆಯಿಂದ ಒಂದೂವರೆ ಅಂಗುಲದ ಸ್ಕ್ರೂಗಳನ್ನು ಹಾಕಿರಿ. ಈ ಪಟ್ಟಿಗಳನ್ನು ಕೀಸುವಾಗ ಮರದ ನೂಲಿನ ದಿಕ್ಕನ್ನು ನೋಡಬೇಕು. ಕಬ್ಬಿನ ಗರಿಯನ್ನು ಒಂದು ಕಡೆಗೆ ಸವರಿದರೆ ನಯ, ಇನ್ನೊಂದು ಕಡೆಗೆ ಸವರಿದರೆ ಕೈ ಕೊಯ್ಯುತ್ತದೆ, ಮರವೂ ಹಾಗೆಯೇ. ಕಿತ್ತುಬರುವಂತಿದ್ದರೆ ತಿರುಗಿಸಿ ಇಟ್ಟುಕೊಳ್ಳಿರಿ.

ಅಂಟಿನ ಸಂಗತಿ ಮುಂಬಯಿಯದೇ. ಹಿಂದೆ ಬಡಗಿಗಳು ಚರ್ಮ ಎಲುಬುಗಳಿಂದ ಮಾಡಿದ ಸರೇಸನ್ನು ಬೆಂಕಿಯ ಮೇಲೆ ಕರಗಿಸಿ, ಅದರ ನಾತವನ್ನು ಸಹಿಸಿ, ಆರುವ ಮೊದಲೇ ಹಚ್ಚಬೇಕಾಗಿತ್ತು. 1959ರಲ್ಲಿ ಫೆವಿಕಾಲ್ ಎಂಬ ಬಿಳಿಯ ಅಂಟು ಬಂದು ಈ ಕಷ್ಟವನ್ನು ತಪ್ಪಿಸಿತು. ಅದನ್ನು ತಂದ ಬಲವಂತ ಪಾರೇಖರು (1925–2013) ಕಾನೂನು ಓದಿಯೂ ವಕೀಲಿ ಹಿಡಿಯದೆ, ಒಂದು ಕಾಲಕ್ಕೆ ಇದೇ ನಗರದ ಮರದ ವ್ಯಾಪಾರಿಯೊಬ್ಬರ ಕಚೇರಿಯಲ್ಲಿ ಜವಾನರಾಗಿ ದುಡಿಯುತ್ತ, ಪತ್ನಿಯೊಡನೆ ಗೋದಾಮಿನಲ್ಲಿಯೇ ವಾಸವಾಗಿದ್ದವರು. ಅಂಟು ತೆಳ್ಳಗಿರಲಿ, ಎರಡು ಮುಖಕ್ಕೂ ಹತ್ತಲಿ. ಒತ್ತುವ ಕ್ಲಾಂಪುಗಳಿಲ್ಲದವರು ಹಗ್ಗವನ್ನು ಸುತ್ತಿ, ನಡುವೆ ಕೋಲು ತೂರಿಸಿ ತಿರುವಿದರೆ ಸಾಕಷ್ಟು ಬಿಗಿ ಬರುತ್ತದೆ. ಒಂದು ಹಗಲು ಒಂದು ರಾತ್ರಿ ಮುಟ್ಟಬೇಡಿರಿ. ಮಳೆಗಾಲದಲ್ಲಿ ಇನ್ನೂ ಅರ್ಧ ದಿನ.

ನೆರೆಹೊರೆಯ ಮಾತನ್ನೂ ಹೇಳಬೇಕು. ಕಾನೂನಿನಲ್ಲಿ ರಾತ್ರಿಯೆಂದರೆ ಹತ್ತರಿಂದ ಬೆಳಿಗ್ಗೆ ಆರು. ಆದರೆ ರಾತ್ರಿಪಾಳಿ ಮುಗಿಸಿ ಮಧ್ಯಾಹ್ನ ಮಲಗುವವರು ನಮ್ಮ ಮಾಳಿಗೆಗಳಲ್ಲಿ ಬೇಕಾದಷ್ಟಿದ್ದಾರೆ. ಕೊಡತಿಯ ಕೆಲಸಕ್ಕೆ ಹೊತ್ತನ್ನು ಅವರನ್ನು ಕೇಳಿಯೇ ಗೊತ್ತುಮಾಡಿಕೊಳ್ಳಿರಿ. ಸರಕಾರಿ ವಸತಿಯಲ್ಲಿ ಅನುಮತಿಯಿಲ್ಲದೆ ಗೋಡೆ ಕೊರೆಯಬೇಡಿರಿ. ಮೊಗಸಾಲೆಯಲ್ಲಿ ಮರ ಪೇರಿಸಬೇಡಿರಿ, ಬೆಂಕಿ ಬಿದ್ದಾಗ ಓಡುವ ದಾರಿ ಅದೊಂದೇ. ಮರದ ಧೂಳು ಕ್ಯಾನ್ಸರಿಗೆ ಕಾರಣವಾಗುವುದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿಯೇ ನಿರ್ಣಯಿಸಿದೆ. ಉಪ್ಪುಕಾಗದ ಉಜ್ಜುವ ಕೆಲಸವನ್ನು ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಗಚ್ಚಿಯ ಮೇಲೆ ಮಾಡಿರಿ, ಅನ್ನದ ಪಾತ್ರೆಯ ಬಳಿ ಬೇಡ. ಬೇಯಿಸಿದ ಅಗಸೆ ಎಣ್ಣೆ ಹಚ್ಚುವವರು ಇನ್ನೊಂದನ್ನು ತಿಳಿದಿರಬೇಕು: ಆ ಎಣ್ಣೆಯ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ಒಳಗೊಳಗೇ ಕಾವೇರಿ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಅದನ್ನು ಬಿಡಿಸಿ ಹರವಿ ಒಣಗಿಸಬೇಕು, ಇಲ್ಲವೆ ನೀರಿನಲ್ಲಿ ಮುಳುಗಿಸಿಡಬೇಕು.

ಹಗ್ಗ ಬಿಚ್ಚಿದ ಮೇಲೆ ಡೆಸ್ಕಿನ ಮುಂದಂಚಿಗೆ, ಪೆನ್ಸಿಲು ಉರುಳಿ ಬೀಳದಂತೆ, ಕಾಲಂಗುಲದ ಪಟ್ಟಿಯೊಂದನ್ನು ಅಂಟಿಸಿರಿ. ಅಲುಗಾಡಿದರೆ ಕೂಡಲೆ ಕಾಲನ್ನು ಕೊಯ್ಯಲು ಹೋಗಬೇಡಿರಿ, ನಮ್ಮ ನೆಲಗಳೇ ಸಮವಾಗಿರುವುದಿಲ್ಲ. ಅಡಿಗೆಯ ಕಟ್ಟೆಯ ಕಲ್ಲಿನ ಮೇಲೆ ಇಟ್ಟು ನೋಡಿರಿ. ಅಲ್ಲಿಯೂ ಅಲುಗಿದರೆ ಎತ್ತರವಾದ ಮೂಲೆಯನ್ನು ಗುರುತಿಸಿ, ಕೀಸುಳಿಯಿಂದ ಎರಡೇ ಬಾರಿ ಸವರಿ ಮತ್ತೆ ಇಟ್ಟು ನೋಡಿರಿ.