ಅಟ್ಟಣಿಗೆ ಮೇಲೆ ಚಿಗರಿಗೆ ಕಾಣದಂಗ ಕೂಡೋದು ಹೆಂಗ?

ಬಾಗಲವಾಡ ಸೀಮೆಯ ಎರೆ ಹೊಲದಾಗ ಕಡಲೆ ಮೊಳಕೆ ಒಡೆದರೆ ಸಾಕು, ಚಿಗರಿ ಹಿಂಡು ಹಾಜರ್. ಹೋದ ವರ್ಷ ರಾತ್ರಿಯೆಲ್ಲಾ ಟಾರ್ಚ್ ಬಿಟ್ಟು ಕೂಗಾಡಿದೆ. ಅವು ಆ ಬದುವಿನಿಂದ ಓಡಿ ಈ ಬದುವಿನಿಂದ ಬಂದವು. ಅರ್ಧ ಎಕರೆ ಹೋಯ್ತು. ಈ ವರ್ಷ ಮೊದಲು ಸುಮ್ಮನೆ ಕೂತು ಅವುಗಳ ದಾರಿ ನೋಡಿದೆ.

1. ಗಾಳಿ: ಒಣ ಮಣ್ಣು ತೂರಿ ನೋಡ್ರಿ. ಧೂಳು ಚಿಗರಿ ಬರೋ ಕಡೆ ಹೋದರೆ ನಿಮ್ಮ ವಾಸನೆಯೂ ಹೋಗುತ್ತೆ. ಮರ ಬದಲಿಸಿ.

2. ಮರೆ: ಚಿಗರಿ ಬಯಲಿನ ಪ್ರಾಣಿ, ಕಣ್ಣು ಬಹಳ ಚುರುಕು. ಬೇವಿನ ಕಾಂಡಕ್ಕೆ ಬೆನ್ನು ಕೊಟ್ಟು ಕೂಡ್ರಿ. ಹಿಂದೆ ಬರೀ ಆಕಾಶವಿದ್ದರೆ ತಲೆ ದೂರದಿಂದಲೇ ಕಾಣುತ್ತೆ. ಅಲುಗಾಟ ಬೇಡ.

3. ಬಣ್ಣ: ಜಿಂಕೆಗಳಿಗೆ ಕೆಂಪು ಮಂಕು, ನೀಲಿ ಸ್ಪಷ್ಟ. ಜೀನ್ಸ್, ಬಿಳಿ ಅಂಗಿ ಬೇಡ. ಮೊಬೈಲ್ ಸ್ಕ್ರೀನ್ ಆಫ್ ಇರಲಿ.

4. ಸಮಯ: ನಸುಕಿಗೆ ಮುಂಚೆಯೇ ಏರಿ, ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳಿ.

ಮೂರು ನಸುಕು ನೋಡಿ, ನುಗ್ಗುವ ಜಾಗಕ್ಕೆ ಕಡ್ಡಿ ನೆಡಿ. ನನ್ನ ಹೊಲದಾಗ ಸಿಕ್ಕಿದ್ದು ಎರಡೇ ದಾರಿ. ಅಲ್ಲಿ ಹಳೇ ಸೀರೆ ಕಟ್ಟಿದೆ, ಕಾವಲೂ ಅಲ್ಲೇ ಇಟ್ಟೆ. ಹಾನಿ ಬಹಳ ಇಳೀತು.

ನೆನಪಿರಲಿ: ನಮ್ಮ ಚಿಗರಿ ಅಂದರೆ ಕೃಷ್ಣಮೃಗ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಯಲ್ಲಿದೆ. ಉರುಲು, ಬಂದೂಕು ಜೈಲಿನ ದಾರಿ. ಬೇಲಿಗೆ ಕರೆಂಟ್ ಕೊಟ್ಟರೆ ನಸುಕಿಗೆ ನೀರು ಬಿಡಲು ಬಂದ ಪಕ್ಕದ ಹೊಲದವನೂ ಸಾಯಬಹುದು. ಬೆಳೆ ಹೋದರೆ ಫೋಟೊ, ಪಹಣಿ ಜೊತೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ.